ಸೀತಾಳೆ ದಂಡೆಯಿಂದ ಸೀರೆಯ ಅಂಚಿಗೆ

ಚಿಕ್ಕಮಗಳೂರಿನ ಯಾವುದೇ ಬಟ್ಟೆ ಅಂಗಡಿಗೆ ಹೋಗಿ ನೋಡಿ, ಪರದೆ, ದಿಂಬಿನ ಗವಸುಗಳ ಮೇಲೆ ಬಹುತೇಕ ಗುಲಾಬಿಯೋ ಟ್ಯೂಲಿಪ್ಪೋ ಅರಳಿರುತ್ತದೆ. ಚಂದ್ರದ್ರೋಣ ಸಾಲಿನ ನೀಲಕುರಿಂಜಿ, ತೋಟದ ಮರಗಳಿಗೆ ಅಂಟಿ ಬೆಳೆಯುವ ಸೀತಾಳೆ ದಂಡೆ, ಬೇಲಿಗೆ ಹಬ್ಬುವ ಅಗ್ನಿಶಿಖೆ ಅಲ್ಲಿಗೆ ಬಂದೇ ಇಲ್ಲ. ಬರಬೇಕು. ಅದಕ್ಕೆ ಪೆನ್ಸಿಲ್, ಕಾಗದ, ಕತ್ತರಿ, ಅಂಟುಪಟ್ಟಿ ಮತ್ತು ಗಿಡದ ಮುಂದೆ ಕೂರುವ ತಾಳ್ಮೆ ಇದ್ದರೆ ಸಾಕು.

ಮೊದಲ ಕೆಲಸ: ಗಿಡ ಬೆಳೆಯುವ ರೀತಿ ನೋಡುವುದು

ಹೂವಿನ ಅಂದಕ್ಕೆ ಮರುಳಾಗಿ ನೇರವಾಗಿ ಎಸಳು ಬಿಡಿಸಲು ಹೊರಟರೆ ಎಲ್ಲ ಹೂವೂ ಒಂದೇ ತರಹ ಕಾಣುತ್ತದೆ. ಗಿಡ ನಿಲ್ಲುತ್ತದೆಯೋ, ಹಬ್ಬುತ್ತದೆಯೋ, ಜೋಲುತ್ತದೆಯೋ ಎಂಬುದೇ ವಿನ್ಯಾಸದ ಬೆನ್ನೆಲುಬು.

ಮುಂಗಾರಿನ ಆಸುಪಾಸಿನಲ್ಲಿ ಅರಳುವ ಸೀತಾಳೆ ದಂಡೆಯನ್ನೇ ತೆಗೆದುಕೊಳ್ಳಿ. ಪಟ್ಟಿಯಂತಹ ದಪ್ಪ ಎಲೆಗಳ ನಡುವಿನಿಂದ ಹೊರಟ ಗೊನೆ ಬಾಗಿ ಕೆಳಗೆ ಇಳಿಯುತ್ತದೆ. ಅದರ ಸುತ್ತ ಹೂವುಗಳು ಒತ್ತೊತ್ತಾಗಿ ಕೂತಿರುತ್ತವೆ. ಬಿಳಿ ಎಸಳಿನ ಮೇಲೆ ನೇರಳೆಗೆಂಪು ಚುಕ್ಕೆ, ನಡುವಿನ ತುಟಿ ಮಾತ್ರ ಗಾಢ. ಗೊನೆಯ ತುದಿಯಲ್ಲಿ ಇನ್ನೂ ಬಿರಿಯದ ಮೊಗ್ಗುಗಳಿದ್ದರೆ ಅವನ್ನೂ ಬಿಡಬೇಡಿ: ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಆ ಕ್ರಮವೇ ಅಂಚಿಗೆ ಲಯ ಕೊಡುತ್ತದೆ.

ಗಿಡವನ್ನು ಕೀಳಬೇಡಿ, ಗೊನೆಯನ್ನೂ ಮುರಿಯಬೇಡಿ. ಎದುರಿನಿಂದ, ಪಕ್ಕದಿಂದ, ಕೆಳಗಿನಿಂದ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ಮನೆಯಲ್ಲಿ ಕೂತು ಬಿಡಿಸಬಹುದು. ಅಗ್ನಿಶಿಖೆಯನ್ನಂತೂ ಮುಟ್ಟದೆಯೇ ನೋಡಿ. ಅದರ ಎಲ್ಲ ಭಾಗವೂ, ಮುಖ್ಯವಾಗಿ ಗಡ್ಡೆ, ವಿಷ.

ಎರಡನೆಯದು: ಬಿಡುವುದನ್ನು ಆರಿಸುವುದು

ಗೊನೆಯ ಹೂವುಗಳನ್ನೆಲ್ಲ ಬಿಡಿಸುವ ಅಗತ್ಯವಿಲ್ಲ. ಗಿಡದ ಗುರುತು ಹೇಳುವ ಮೂರು ಲಕ್ಷಣ ಉಳಿಸಿಕೊಳ್ಳಿ. ಸೀತಾಳೆ ದಂಡೆಗೆ ಬಾಗಿದ ಗೊನೆ, ಗಾಢ ತುಟಿ, ಚುಕ್ಕೆ. ಅಗ್ನಿಶಿಖೆಗೆ ಹಿಂದಕ್ಕೆ ಮಡಿಚಿದ ಅಲೆಯಂಚಿನ ಆರು ದಳ, ಸುತ್ತ ಚಾಚಿದ ಆರು ಕೇಸರ, ಎಲೆಯ ತುದಿಯೇ ಸುರುಳಿಯಾಗಿ ಬಳ್ಳಿಗೆ ಆಸರೆಯಾಗುವ ಕುಡಿ. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳುತ್ತದೆ. ಚಂದ್ರದ್ರೋಣದಲ್ಲಿ 2022ರಲ್ಲಿ ಅರಳಿತ್ತು. ಹೂವಿಗಾಗಿ ಕಾಯುವುದು ಬೇಡ, ಹಲ್ಲಂಚಿನ ಎಲೆಯೂ ಅದರ ಮೇಲಿನ ಆಳವಾದ ನರಗಳ ಸಾಲೂ ಈಗಲೇ ಸಿಗುತ್ತವೆ. ನನ್ನ ಕಣ್ಣಿಗೆ ಆ ಎಲೆ ಹೂವಿಗಿಂತ ಒಳ್ಳೆಯ ವಿನ್ಯಾಸ.

ಮೂರನೆಯದು: ಜೋಡಿಸುವುದು

ಹೆಚ್ಚಿನವರು ಸೋಲುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಮಾಡಿ. 15 ಸೆಂಟಿಮೀಟರಿನ ಚೌಕ ಕಾಗದದ ನಡುವೆ, ಅಂಚಿಗೆ ತಾಗದಂತೆ, ಚಿತ್ರ ಬಿಡಿಸಿ. ಕಾಗದವನ್ನು ಉದ್ದಕ್ಕೆ ಸರಿಯಾಗಿ ನಡುವೆ ಕತ್ತರಿಸಿ, ಎಡಭಾಗವನ್ನು ಬಲಕ್ಕೂ ಬಲಭಾಗವನ್ನು ಎಡಕ್ಕೂ ಇಟ್ಟು ಹಿಂದಿನಿಂದ ಅಂಟುಪಟ್ಟಿ ಹಚ್ಚಿ. ಈಗ ಚಿತ್ರ ಎರಡು ಅಂಚಿಗೆ ಸರಿದು, ನಡುವೆ ಖಾಲಿ ಜಾಗ ಹುಟ್ಟಿರುತ್ತದೆ. ಅಲ್ಲಿ ಎಲೆ, ಮೊಗ್ಗು ತುಂಬಿ. ಸೀರೆಯ ಅಂಚಿಗೆ ಇಷ್ಟೇ ಸಾಕು. ಒಡಲಿನ ತುಂಬ ಹರಡಬೇಕಿದ್ದರೆ ಅಡ್ಡಕ್ಕೂ ಕತ್ತರಿಸಿ, ಮೇಲಿನದನ್ನು ಕೆಳಗಿಟ್ಟು, ಮತ್ತೆ ನಡುವಿನ ಖಾಲಿ ತುಂಬಿ. ಈ ಚೌಕದ ನಕಲುಗಳನ್ನು ಪಕ್ಕಪಕ್ಕ ಇಟ್ಟರೆ ಗೆರೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.

ಬಳ್ಳಿಯ ಜೋಡಣೆ ಕಲಿಯಲು ಹಾಸನ ಜಿಲ್ಲೆಯ ಹಳೇಬೀಡಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಹೊಯ್ಸಳೇಶ್ವರ ದೇಗುಲದ ಗೋಡೆಯ ಬುಡದಲ್ಲಿ ಆನೆ, ಸಿಂಹಗಳ ಸಾಲಿನ ಮೇಲೆ ಬಳ್ಳಿಯ ಪಟ್ಟಿಕೆ ಸಾಗುತ್ತದೆ. ಒಂದು ಸುರುಳಿ ಮುಗಿಯುವಲ್ಲೇ ಇನ್ನೊಂದು ಹೇಗೆ ಹೊರಡುತ್ತದೆ ಎಂದು ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಅನುಸರಿಸಿ. ಅಗ್ನಿಶಿಖೆಯ ಕುಡಿಯನ್ನು ಪಕ್ಕದ ಹೂವಿನ ಕಾಂಡಕ್ಕೆ ಸುತ್ತಿಸಲು ಅದೇ ದಾರಿ.

ಬಣ್ಣದ ವಿಷಯ ಚಿಕ್ಕದು: ಗಿಡದಲ್ಲಿರುವ ಮೂರು ಬಣ್ಣ, ಮೇಲೆ ಬಟ್ಟೆಯ ಬಣ್ಣ. ಅಚ್ಚಿಗೆ ಒಯ್ಯುವ ಮುನ್ನ ಕಾಗದವನ್ನು ಗೋಡೆಗೆ ಅಂಟಿಸಿ ಹತ್ತು ಅಡಿ ದೂರದಿಂದ ನೋಡಿ. ಚುಕ್ಕೆಗಳು ಕಲೆಸಿಹೋದರೆ ಅರ್ಧದಷ್ಟನ್ನು ಅಳಿಸಿ, ಉಳಿದವನ್ನು ತುಸು ದೊಡ್ಡದು ಮಾಡಿ.