ಅರುವತ್ತರ ಮೇಲೆ ಅರ್ಥಗಾರಿಕೆ

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಯಕ್ಷಗಾನದ ಹಾಡು, ಮಾತುಗಳ ಕೂಟವಾದ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕಲಿತೆ. ದಕ್ಷಿಣ ಕನ್ನಡದ ಹಳ್ಳಿಯಿಂದ ಹದಿಹರೆಯದಲ್ಲೇ ಮುಂಬಯಿಗೆ ಬಂದು, ಹಗಲು ಫೋರ್ಟಿನ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರ ಪೀಳಿಗೆ ನಮ್ಮದು. ಬಾಲ್ಯದಲ್ಲಿ ಕೇಳಿದ ಭಾಗವತರ ಪದ್ಯಗಳು ಕಿವಿಯಲ್ಲಿ ಉಳಿದಿದ್ದರೂ, ನೌಕರಿ, ಸಂಸಾರ, ಡೊಂಬಿವಲಿಯಿಂದ ದಿನವೂ ಲೋಕಲ್ ರೈಲಿನ ಓಡಾಟ ಇವುಗಳ ನಡುವೆ ಕೂಟಕ್ಕೆ ಹೋಗಿ ಕುಳಿತು ಕೇಳುವಷ್ಟು ಪುರುಸೊತ್ತೂ ಸಿಗುತ್ತಿರಲಿಲ್ಲ.

ಮುಂಬಯಿಯ ಕನ್ನಡ ಸಂಘಗಳು ಹಿರಿಯರನ್ನು ಬಹಳ ಪ್ರೀತಿಯಿಂದ ನೋಡಿಕೊಳ್ಳುತ್ತವೆ. ಮುಂದಿನ ಸಾಲಿನಲ್ಲಿ ಕೂರಿಸುತ್ತವೆ, ಶಾಲು ಹೊದಿಸುತ್ತವೆ, ಫಲಪುಷ್ಪ ಕೊಟ್ಟು ನಾಲ್ಕು ಒಳ್ಳೆಯ ಮಾತು ಆಡುತ್ತವೆ. ಆ ಗೌರವಕ್ಕೆ ನಾನು ಋಣಿ. ಆದರೆ ಮುಂದಿನ ಸಾಲಿನಲ್ಲಿ ಕುಳಿತವನು ಆ ದಿನ ಬಾರದೆ ಹೋದರೂ ಕಾರ್ಯಕ್ರಮ ನಡೆಯುತ್ತದೆ. ನಾನು ಬಾರದಿದ್ದರೆ ಇನ್ನೊಬ್ಬರ ಕೆಲಸ ನಿಲ್ಲುವಂಥ ಒಂದು ಜವಾಬ್ದಾರಿ ನನಗೆ ಬೇಕಿತ್ತು. ತಾಳಮದ್ದಳೆ ಅದನ್ನು ಕೊಟ್ಟಿತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅದರ ಅರ್ಥವನ್ನು ಪಾತ್ರವಾಗಿ ನಿಂತು ಆಶುವಾಗಿ ಹೇಳಬೇಕು, ಎದುರಿನ ಅರ್ಥಧಾರಿ ಎತ್ತಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ಒಬ್ಬನ ಮಾತು ಇನ್ನೊಬ್ಬನ ಮಾತಿನಿಂದಲೇ ಹುಟ್ಟುವುದರಿಂದ ಅಲ್ಲಿ ಯಾರೂ ಸುಮ್ಮನೆ ಕುಳಿತಿರಲು ಸಾಧ್ಯವಿಲ್ಲ.

ಮಾಟುಂಗದಲ್ಲಿ ನಡೆದ ಒಂದು ಕೂಟವನ್ನು ಇಲ್ಲಿ ಹೇಳಬೇಕು. ವಾಲಿಯ ಅರ್ಥ ನನ್ನದಾಗಿತ್ತು, ರಾಮನಾಗಿ ಐರೋಳಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುವ ತರುಣ ಕುಳಿತಿದ್ದ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಧರ್ಮವೇ ಎಂದು ನಾನು ಕೇಳುವುದು, ತಮ್ಮನ ಹೆಂಡತಿಯನ್ನು ಅಪಹರಿಸಿದವನಿಗೆ ಇದೇ ದಂಡನೆ ಎಂದು ಅವನು ಹೇಳುವುದು, ಇವೆಲ್ಲ ಇಬ್ಬರಿಗೂ ಗೊತ್ತಿದ್ದ ದಾರಿ. ಆದರೆ ಅವನು ಇದ್ದಕ್ಕಿದ್ದಂತೆ ಬೇರೊಂದು ಎಳೆ ಹಿಡಿದ, ವಾಲಿ ರಾಕ್ಷಸನನ್ನು ಅಟ್ಟಿಕೊಂಡು ಬಿಲ ಹೊಕ್ಕಾಗ ತಮ್ಮ ಸುಗ್ರೀವ ಹೊರಗೆ ಕಾದಿದ್ದ ಸಂಗತಿಯದು: "ಬಿಲದ ಬಾಯಿಗೆ ಬಂಡೆ ಇಟ್ಟದ್ದಕ್ಕೆ ಸುಗ್ರೀವನನ್ನು ದ್ರೋಹಿ ಎನ್ನುವೆಯಲ್ಲ, ಒಳಗಿನಿಂದ ಹರಿದುಬಂದ ನೆತ್ತರನ್ನು ಕಂಡವನು ಮತ್ತೇನು ಮಾಡಬೇಕಿತ್ತು?" ಇದಕ್ಕೆ ನಾನು ಸಿದ್ಧನಾಗಿ ಬಂದಿರಲಿಲ್ಲ. ಮದ್ದಳೆಯವರು ಸಣ್ಣಗೆ ಒಂದು ಪೆಟ್ಟು ಕೊಟ್ಟು ನನ್ನ ಮುಖ ನೋಡಿದರು. "ಹೆಣವನ್ನು ಕಣ್ಣಾರೆ ಕಾಣದೆ ಅಣ್ಣ ಸತ್ತನೆಂದು ನಂಬಲು ಅವನಿಗೆ ಅಷ್ಟೊಂದು ಅವಸರವೇನಿತ್ತು, ರಾಘವಾ?" ಎಂಬ ಮಾತು ನನ್ನ ಬಾಯಿಂದ ಬಂತು. ಸಭೆಯಲ್ಲಿ ಚಪ್ಪಾಳೆ ಬಿದ್ದಿತು. ಕೂಟ ಮುಗಿದ ಮೇಲೆ ಆ ಹುಡುಗ ಬಳಿಗೆ ಬಂದು, "ಮಾವ, ಆ ಉತ್ತರ ಎಲ್ಲಿಂದ ತಂದಿರಿ?" ಎಂದು ಕೇಳಿದ. ಅವನ ಪ್ರಶ್ನೆಯಿಂದಲೇ ಬಂದಿತ್ತು. ವಯಸ್ಸಿನಲ್ಲಿ ನನ್ನ ಮಗನಿಗಿಂತ ಕಿರಿಯವನೊಬ್ಬ ನನ್ನನ್ನು ಮುದುಕನೆಂದು ರಿಯಾಯಿತಿ ತೋರದೆ ಸಮನೆಂದು ಎದುರಿಸಿದ್ದು ನನಗೆ ಯಾವ ಸನ್ಮಾನಕ್ಕಿಂತಲೂ ದೊಡ್ಡದು.

ಈ ಹವ್ಯಾಸ ಕೈಬಿಡದಂತೆ ಉಳಿಸಿಕೊಳ್ಳಲು ದೇಹದ ಕಡೆಗೂ ಗಮನ ಕೊಡಬೇಕಾಯಿತು. ಎಲ್ಲಕ್ಕಿಂತ ಮೊದಲು ಕಿವಿ. ವಯಸ್ಸಾದಂತೆ ಮೊದಲು ಮಸುಕಾಗುವುದು ಎತ್ತರದ ಕಂಪನದ ಧ್ವನಿಗಳು. ಸ್ವರಗಳು ಕೇಳಿಸುತ್ತವೆ, ಸಕಾರ, ತಕಾರಗಳಂಥ ವ್ಯಂಜನಗಳು ಜಾರಿಹೋಗುತ್ತವೆ. ಆದ್ದರಿಂದ ಎದುರಿನವರು ಮಾತಾಡುತ್ತಿರುವುದು ತಿಳಿಯುತ್ತದೆ, ಏನು ಹೇಳಿದರೆಂಬುದು ಸ್ಪಷ್ಟವಾಗುವುದಿಲ್ಲ. ಚೆಂಡೆ, ಮದ್ದಳೆಗಳ ನಡುವೆ ಇದು ಇನ್ನಷ್ಟು ಕಷ್ಟ. ನಮ್ಮವರಲ್ಲಿ ಕನ್ನಡಕ ಹಾಕಲು ಯಾರಿಗೂ ಸಂಕೋಚವಿಲ್ಲ, ಶ್ರವಣಯಂತ್ರವೆಂದರೆ ಮಾತ್ರ ಹಿಂಜರಿಕೆ. ಮರೆವಿನ ರೋಗವನ್ನು ಕುರಿತ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರ ವರದಿಯಲ್ಲಿ ನಾವು ತಡೆಯಲು ಯತ್ನಿಸಬಹುದಾದ 14 ಅಪಾಯದ ಕಾರಣಗಳನ್ನು ಪಟ್ಟಿಮಾಡಿದೆ; ಕಿವುಡುತನವೂ ಒಂಟಿತನವೂ ಅದರಲ್ಲಿವೆ. ಕೇಳಿಸದವನು ಮೆಲ್ಲಗೆ ಮಾತುಕತೆಯಿಂದ ಹಿಂದೆ ಸರಿಯುತ್ತಾನೆ, ಹಿಂದೆ ಸರಿದವನು ಒಂಟಿಯಾಗುತ್ತಾನೆ. ನಾನು ಪರೀಕ್ಷೆ ಮಾಡಿಸಿಕೊಂಡು ಎರಡೂ ಕಿವಿಗೆ ಯಂತ್ರ ಹಾಕಿಸಿಕೊಂಡೆ. ಆರಂಭದಲ್ಲಿ ತಟ್ಟೆಗಳ ಸದ್ದು, ಫ್ಯಾನಿನ ಸದ್ದು ಎಲ್ಲವೂ ಕರ್ಕಶವಾಗಿ ಕೇಳಿಸಿತು. ಕೆಲವು ವಾರ ಬಿಡದೆ ಧರಿಸಿದ ಮೇಲೆ ಮನಸ್ಸು ಬೇಡದ ಸದ್ದನ್ನು ಬದಿಗಿಡಲು ಕಲಿಯಿತು. ಕಿವಿ ಮಂದವಾಗಿರುವ ಗೆಳೆಯರಲ್ಲಿ ನಾನು ಕೈಮುಗಿದು ಹೇಳುವುದು ಇದೊಂದನ್ನೇ: ತಡಮಾಡಬೇಡಿ.

ಎರಡು ಮೂರು ಗಂಟೆ ವೇದಿಕೆಯ ಮೇಲೆ ಕುಳಿತಿದ್ದು ಎದ್ದೇಳಲು, ಆಮೇಲೆ ಸ್ಟೇಷನ್ನಿನ ಸೇತುವೆ ಹತ್ತಿ ಇಳಿಯಲು ತೊಡೆಗಳಲ್ಲಿ ಬಲವಿರಬೇಕು. 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ. ನಡಿಗೆಯನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಬಹಳ ಮಂದಿ ಬಿಡುತ್ತಾರೆ. ಕೈ ಊರದೆ ಕುರ್ಚಿಯಿಂದ ಏಳುವುದು, ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಲ್ಲುವುದು ಇವನ್ನು ನಾನು ವೈದ್ಯರನ್ನು ಕೇಳಿಯೇ ಆರಂಭಿಸಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದನ್ನು ಮಂಡಿಗಾಗಿ ಬಿಟ್ಟಿದ್ದೇನೆ. ಈಗ ಕುರ್ಚಿಯಲ್ಲಿ ಕುಳಿತು ಅರ್ಥ ಹೇಳುವುದು ಎಲ್ಲೆಡೆ ರೂಢಿಯಾಗಿರುವುದು ನಮ್ಮಂಥವರಿಗೆ ಉಪಕಾರ.

ಪದ್ಯಗಳನ್ನು ಕಂಠಪಾಠ ಮಾಡಲು ಬೆಳಿಗ್ಗೆ ಗಟ್ಟಿಯಾಗಿ ಓದುತ್ತೇನೆ, ಕೈಬರಹದಲ್ಲಿ ಬರೆಯುತ್ತೇನೆ. ಮನೆಯಲ್ಲಿ ಮೊಮ್ಮಗಳಿಗೆ ಮರಾಠಿ, ಹಿಂದಿ ನಾಲಿಗೆಯ ತುದಿಯಲ್ಲಿವೆ, ಕನ್ನಡ ತಡವರಿಸುತ್ತದೆ. ಪಾತ್ರದ ಪೀಠಿಕೆಯನ್ನು ಅವಳ ಮುಂದೆ ಹೇಳಿ, ಅವಳಿಗೆ ಅರ್ಥವಾಗದ ಕಡೆ ಮಾತನ್ನು ಸರಳಗೊಳಿಸುತ್ತೇನೆ. ಇದರಿಂದ ನನ್ನ ಅರ್ಥಗಾರಿಕೆ ತಿಳಿಯಾಯಿತು, ಅವಳಿಗೆ ಕಥೆಯ ರುಚಿ ಹತ್ತಿತು.

ಹೊರಗಿನ ಓಡಾಟಕ್ಕೆ ನಾನು ಹಾಕಿಕೊಂಡ ಕಟ್ಟುಪಾಡುಗಳು ಸ್ವಲ್ಪ ಇವೆ. ಲೋಕಲ್‌ಗಳು ಕಿಕ್ಕಿರಿಯುವ ಹೊತ್ತನ್ನು ತಪ್ಪಿಸಿ ಮಧ್ಯಾಹ್ನವೇ ಹೊರಡುತ್ತೇನೆ, ಹಿಂದಿರುಗುವಾಗ ಕಲ್ಯಾಣದ ಕಡೆಗೆ ಹೋಗುವ ಕಲಾವಿದರೊಬ್ಬರ ಜೊತೆ ಬರುತ್ತೇನೆ, ಮದ್ದಿನ ಚೀಟಿ ಜೇಬಿನಲ್ಲಿರುತ್ತದೆ.

ಉಸಿರು ಮೊದಲಿನಷ್ಟು ಉದ್ದ ಬರುವುದಿಲ್ಲವಾದ್ದರಿಂದ ವಾಲಿ, ಕೌರವನಂಥ ಏರುದನಿಯ ಪಾತ್ರಗಳನ್ನು ಈಚೆಗೆ ತರುಣರಿಗೆ ಬಿಟ್ಟುಕೊಟ್ಟು ವಿದುರ, ಭೀಷ್ಮ, ಜಾಂಬವಂತರನ್ನು ಕೇಳಿ ಪಡೆಯುತ್ತಿದ್ದೇನೆ. ಊರಿನಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತು ಮಳೆ ಹಿಡಿದ ಮೇಲೆ ಅಲ್ಲಿಯ ಕಲಾವಿದರು ಮುಂಬಯಿಗೆ ಬರುತ್ತಾರೆ, ಆಗ ನಮ್ಮಂಥ ಹವ್ಯಾಸಿಗಳಿಗೂ ಅವರೆದುರು ಕೂರುವ ಅವಕಾಶ ಸಿಗುತ್ತದೆ. ಈ ಸಲದ ಆಟಿ ತಿಂಗಳಿಗೆ (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್) ಸಂಧಾನದ ಪ್ರಸಂಗವೆಂದು ನಿಶ್ಚಯವಾಗಿದೆ, ವಿದುರನ ಪಾತ್ರ ನನಗೆ ಬಂದಿದೆ. ಕೃಷ್ಣನನ್ನು ಮನೆಗೆ ಬರಮಾಡಿಕೊಳ್ಳುವಾಗ ವಿದುರನ ಮಾತಿನಲ್ಲಿ ಭಕ್ತಿ ಎಷ್ಟಿರಬೇಕು, ಮರುದಿನದ ಸಭೆಯ ಕುರಿತ ಆತಂಕ ಎಷ್ಟಿರಬೇಕು ಎಂಬುದನ್ನು ಭಾಗವತರೊಂದಿಗೆ ಕುಳಿತು ಇನ್ನೂ ಚರ್ಚಿಸಬೇಕಾಗಿದೆ.