ಸಿಪ್ಪೆಯ ಉರಿಯಲ್ಲೇ ಬೆಂದ ಅಡಿಕೆ

ಎರಡು ಕೊಯ್ಲುಗಳಿಂದ ಸುಲಿದ ಅಡಿಕೆ ಬೇಯಿಸುವ ನಮ್ಮ ಒಲೆಗೆ ಬೆಟ್ಟದ ಒಂದು ತುಂಡು ಕಟ್ಟಿಗೆಯೂ ಹೋಗಿಲ್ಲ. ಉರಿದದ್ದೆಲ್ಲ ಅಡಿಕೆಯದೇ ಸಿಪ್ಪೆ. ಒಂದೇ ವರ್ಷದ ಮಾತಾದರೆ ಅದೃಷ್ಟ ಎನ್ನುವವರು ನಮ್ಮಲ್ಲಿ ಬಹಳ, ಹಾಗಾಗಿ ಎರಡನೆಯದೂ ಮುಗಿಯಲಿ ಎಂದು ಕಾದು ಬರೆಯುತ್ತಿದ್ದೇನೆ. ‘ಸಿಪ್ಪೆ ಭಗ್ಗೆಂದು ಹತ್ತುತ್ತದೆ, ಹಂಡೆ ಕುದಿಯುವಷ್ಟರಲ್ಲಿ ಆರುತ್ತದೆ. ಅರೆಬೆಂದ ಅಡಿಕೆಗೆ ಬಣ್ಣ ಎಲ್ಲಿಂದ ತರುತ್ತೀಯ ಮಾರಾಯ?’ ಎಂದಿದ್ದವರೇ ಈ ಸಲ ಒಲೆಯ ಅಳತೆ ಬರೆದುಕೊಂಡು ಹೋದರು.

ಶಿರಸಿ ಸೀಮೆಯ ನಮಗೆ ಸೊಪ್ಪಿನ ಬೆಟ್ಟ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು, ಬ್ರಿಟಿಷರ ಕಾಲದಿಂದ ಬಂದ ಸೌಲಭ್ಯ. 1983ರಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದ ಕಥೆಯನ್ನು ನೆಂಟರಿಗೆಲ್ಲ ಹೇಳುತ್ತೇವೆ. ಹೇಳುತ್ತಲೇ ಅಡಿಕೆ ಬೇಯಿಸಲು ನಮ್ಮ ಬೆಟ್ಟವನ್ನು ನಾವೇ ಸವರುತ್ತೇವೆ. ಒಣಗಿದ್ದು ಸಾಲದಾದಾಗ ಕತ್ತಿ ಹಸಿ ರೆಂಬೆಗೆ ಹೋಗುತ್ತದೆ. ನಮ್ಮಲ್ಲಿ ಮತ್ತಿ ಮರಗಳು ವಿದ್ಯುತ್ ಕಂಬದಂತೆ ಬೋಳಾಗಿದ್ದವು. ಹಣದ ಲೆಕ್ಕವೂ ಚೆನ್ನಾಗಿರಲಿಲ್ಲ. ವರ್ಷಕ್ಕೆ 25 ಕ್ವಿಂಟಲ್ ಆಸುಪಾಸು ಕೆಂಪಡಿಕೆಗೆ (ಬೇಯಿಸಿ ಒಣಗಿಸಿದ ಅಡಿಕೆಗೆ) ಎರಡು ಟ್ರ್ಯಾಕ್ಟರ್ ಕಟ್ಟಿಗೆ ಬೇಕಿತ್ತು. ಕಡಿಸಿ, ಒಡೆಸಿ, ಸಾಗಿಸುವಷ್ಟರಲ್ಲಿ 20,000 ರೂಪಾಯಿ ದಾಟುತ್ತಿತ್ತು.

ಮೊದಲು ಸುಲಿದ ಸಿಪ್ಪೆಯನ್ನು ಆಗಲೇ ಒಣಗಿಸಿ ಉರಿಸಲು ಹೊರಟೆ. ಹಸಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲು ನೀರೇ. ಕೊಯ್ಲಿನಲ್ಲಿ ಅಂಗಳ ಅಡಿಕೆಗೇ ಸಾಲದು, ಮೇಲಿಂದ ಮೋಡ ಬೇರೆ. ಮನೆಯ ತುಂಬ ಹೊಗೆಯಾಯಿತು, ಹಂಡೆ ಕುದಿಯಲಿಲ್ಲ. ಆಮೇಲೆ 4,000ಕ್ಕೆ ಬ್ಲೋವರ್ ತಂದೆ. ಉರಿ ಬಂತು, ಉರಿಯ ಜೊತೆ ಬೂದಿಯೂ ಹಾರಿ ಚೊಗರಿಗೆ, ಅಂದರೆ ಅಡಿಕೆ ಬೆಂದು ಬಣ್ಣ ಬಿಟ್ಟ ನೀರಿಗೆ, ಬಿತ್ತು. ಆ ಹಂಡೆಗಳ ಅಡಿಕೆ ಕಳೆಗುಂದಿ ಟೆಂಡರಿನಲ್ಲಿ ಕ್ವಿಂಟಲಿಗೆ ಹತ್ತಿರ ಹತ್ತಿರ 3,000 ಕಡಿಮೆಗೆ ಹೋಯಿತು. ಬ್ಲೋವರ್ ಈಗ ಅಟ್ಟದ ಮೇಲಿದೆ, ಬೇಕಾದವರು ಒಯ್ಯಬಹುದು.

ಸಿಪ್ಪೆ ಪುಡಿ ಮಾಡಿ ಒತ್ತಿದ ಇಂಧನದ ಗಟ್ಟಿ, ಬ್ರಿಕೆಟ್, ಅದರ ಹುಚ್ಚೂ ಹಿಡಿದಿತ್ತು. ಒಂದು ಲೋಡು ಸಿಪ್ಪೆ ಹೊರಗೆ ಕಳಿಸಿದೆ. ನಾರು ಯಂತ್ರದ ಅಲಗಿಗೆ ಸುತ್ತಿಕೊಂಡು ಅವರಿಗೂ ಸಾಕಾಯಿತು. ಬಂದ ಬ್ರಿಕೆಟ್ ಅದ್ಭುತವಾಗಿ ಉರಿಯಿತು. ಆದರೆ ಸಾಗಾಟ, ಪುಡಿ ಮಾಡುವ ಕೂಲಿ ಎಲ್ಲ ಸೇರಿದರೆ ಕಿಲೋ ಲೆಕ್ಕದಲ್ಲಿ ಕಟ್ಟಿಗೆಗಿಂತ ದುಬಾರಿ. ಉರಿ ಚೆನ್ನ, ಲೆಕ್ಕ ಕೆಟ್ಟ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಶೇ 5ರಷ್ಟು ಬಯೋಮಾಸ್ ಪೆಲೆಟ್ (ಜೈವಿಕ ಉಳಿಕೆ ಒತ್ತಿ ಮಾಡಿದ ಗುಳಿಗೆ) ಸುಡಬೇಕು, ಅದೂ ಮುಖ್ಯವಾಗಿ ಕೃಷಿ ಉಳಿಕೆಯದ್ದು, ಎಂದು ಕೇಂದ್ರ ಸರ್ಕಾರ 2021ರಲ್ಲಿ ನೀತಿ ತಂದ ಮೇಲೆ ನಮ್ಮಲ್ಲೂ ಒಬ್ಬ ವ್ಯಾಪಾರಿ ಬಂದಿದ್ದರು. ಸಿಪ್ಪೆ ಕೇಳಿದ ಬಾಯಿಯಲ್ಲೇ ‘ಬೆಟ್ಟದ ಕಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು, ಎರಡೂ ಹಸಿರು ಇಂಧನವೇ ಅಲ್ಲವೇ?’ ಎಂದರು. ಎರಡೂ ಒಂದೇ ಅಲ್ಲ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿಯ ಲೆಕ್ಕದಲ್ಲಿ ಕಟ್ಟಿಗೆಯ ಇಂಗಾಲವನ್ನು ಚಿಮಣಿಯ ಖಾತೆಗೆ ಸೇರಿಸುವುದಿಲ್ಲ, ನಿಜ. ಕಡಿದ ಕಾಡಿನ ಖಾತೆಗೆ ಸೇರಿಸಲು ಹೇಳಿದ್ದಾರೆ. ಮೊದಲರ್ಧ ಓದಿದವರೇ ಹೆಚ್ಚು. ಸಿಪ್ಪೆ ರಸ್ತೆ ಬದಿಯಲ್ಲಿ ಕೊಳೆತರೂ ಅದರ ಇಂಗಾಲ ಕೆಲವೇ ವರ್ಷಗಳಲ್ಲಿ ಗಾಳಿಗೇ ಹೋಗುವುದು. ಮತ್ತಿ ಮರ ಸುಟ್ಟರೆ ಅಷ್ಟೇ ಮರ ಮತ್ತೆ ನಿಲ್ಲುವುದು ಮೊಮ್ಮಕ್ಕಳ ಕಾಲಕ್ಕೆ.

ಕೊನೆಗೆ ಸಿಕ್ಕ ದಾರಿ ಇಷ್ಟೇ: ಈ ವರ್ಷದ ಅಡಿಕೆಗೆ ಹೋದ ವರ್ಷದ ಸಿಪ್ಪೆ. ಫೆಬ್ರವರಿಯಲ್ಲಿ ಅಂಗಳ ಖಾಲಿಯಾದ ಕೂಡಲೇ ಹರವುತ್ತೇನೆ, ಆಗಾಗ ಮಗುಚುತ್ತೇನೆ, ಅಡ್ಡಮಳೆಗೆ ಮುನ್ನ ಒಳಗೆ ಹಾಕುತ್ತೇನೆ. ಕೈಯಲ್ಲಿ ಮುರಿದರೆ ಲಟಕ್ ಎನ್ನಬೇಕು, ಬಾಗಿದರೆ ಇನ್ನೂ ಬಿಸಿಲು ಬೇಕು. ತಾಡಪಾಲು ಹೊದಿಸಿಟ್ಟ ರಾಶಿ ಆಷಾಢದಲ್ಲಿ ಬೂಸ್ಟು ಹಿಡಿದು, ಕೈ ಹಾಕಿದರೆ ಒಳಗೆ ಬಿಸಿ ಬಿಸಿ. ಅದಕ್ಕೇ ಈಗ ತಗಡಿನ ಮಾಡು, ನೆಲದಿಂದ ಒಂದು ಮೊಳ ಮೇಲೆ ಅಡಿಕೆ ದಬ್ಬೆಯ ಹಾಸು.

ಒಲೆಗೆ ಆಧಾರ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿಗೆ ಉಳಿಸಲು ರೂಪಿಸಿದ ಅಸ್ತ್ರ ಒಲೆ. ಮುಚ್ಚಿದ ಬಾಯಿ, ಕೆಳಗೆ ಸಲಾಕೆ, ಹೊಗೆ ಕೊಳವೆಗೆ ತಡೆ ತಗಡು. ನಾನು ಸೇರಿಸಿದ್ದು ಪಕ್ಕದಿಂದ ಇಳಿಜಾರಾಗಿ ಇಳಿಯುವ ಒಂದು ಗೂಡು. ಒತ್ತಿ ಕಟ್ಟಿದ ಸಿಪ್ಪೆ ಕಂತೆಗಳು ಉರಿದಂತೆಲ್ಲ ತಾವೇ ಜಾರಿ ಬರುತ್ತವೆ, ಒಬ್ಬರು ಒಲೆಯ ಮುಂದೆಯೇ ಕೂರಬೇಕಾಗಿಲ್ಲ. ಇಳಿಜಾರು ಎಷ್ಟು, ಕಂತೆಗೆ ಏನು ಬೆರೆಸುತ್ತೇನೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅಷ್ಟು ಕೈ ಸುಟ್ಟುಕೊಂಡು ಕಲಿತದ್ದನ್ನು ಪುಕ್ಕಟೆ ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ. ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ಹೆಚ್ಚು, ಜೋರು ಉರಿಗೆ ಅದು ಕರಗಿ ಸಲಾಕೆಗಳ ನಡುವೆ ಕಿಟ್ಟ ಕಟ್ಟುತ್ತದೆ. ಎರಡು ಹಂಡೆಗೊಮ್ಮೆ ಕೆದಕದಿದ್ದರೆ ಗಾಳಿ ನಿಂತು ಹೊಗೆ ಹಿಂದಕ್ಕೆ ಬರುತ್ತದೆ.

ಒಲೆಗೆ ಸುಮಾರು 18,000, ಮಾಡಿಗೆ 12,000 ಬಿತ್ತು. ಸಿಪ್ಪೆ ಹರವುವ, ಕಟ್ಟುವ ಕೂಲಿ ವರ್ಷಕ್ಕೆ ನಾಲ್ಕೈದು ಸಾವಿರ. ಅದನ್ನು ಕಳೆದರೂ ಎರಡು ಕೊಯ್ಲಿನಲ್ಲಿ ಹಾಕಿದ ದುಡ್ಡು ಬಂತು. ಒಂದು ಕ್ವಿಂಟಲ್ ಕೆಂಪಡಿಕೆಗೆ 80 ಕಿಲೋ ಒಣ ಸಿಪ್ಪೆ ಸಾಕು. ಸಿಗುವುದು ಒಂದು ಕ್ವಿಂಟಲಿನಷ್ಟು. ಉಳಿದದ್ದನ್ನು ಡ್ರಮ್ಮಿನಲ್ಲಿ ಗಾಳಿ ಬಿಗಿದು ಸುಟ್ಟು ಇದ್ದಿಲು ಮಾಡಿ, ಸಗಣಿ ನೀರಿನಲ್ಲಿ ನೆನೆಸಿ ತೋಟದ ನಾಲ್ಕು ಸಾಲಿನ ಬುಡಕ್ಕೆ ಹಾಕಿ ನೋಡಿದೆ. ಅಡಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಕಳೆ ಮಾತ್ರ ಹುಲುಸಾಗಿ ಬಂತು. ಬೆಟ್ಟದ ಮತ್ತಿಗಳಲ್ಲಿ ಈಗ ಆಳೆತ್ತರದ ಹೊಸ ರೆಂಬೆಗಳಿವೆ. ಗೊಬ್ಬರಕ್ಕೆ ಸೊಪ್ಪು ಇನ್ನೂ ಬೇಕು, ಆದ್ದರಿಂದ ಅವನ್ನು ಪೂರ್ತಿ ಬಿಟ್ಟೆ ಎಂದು ಕೊಚ್ಚಿಕೊಳ್ಳುವುದಿಲ್ಲ.

ಸಲಾಕೆಗಳು ಎರಡನೇ ವರ್ಷಕ್ಕೇ ಬಾಗಿವೆ. ಈ ಬೇಸಿಗೆಯಲ್ಲಿ ಎರಕದ ಕಬ್ಬಿಣದ್ದು ಹಾಕಿಸಬೇಕು, ದರ ವಿಚಾರಿಸುತ್ತಿದ್ದೇನೆ.