ಸ್ಲೈಡಿನಲ್ಲಿ ಕನ್ನಡ ಕೆಡದಂತೆ ಬರೆಯುವುದು ಹೇಗೆ?

ಮನೆಯಲ್ಲಿ ಅಚ್ಚುಕಟ್ಟಾಗಿ ಕಂಡ ಕನ್ನಡ ಸ್ಲೈಡು ಸಭಾಂಗಣದ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿರುತ್ತದೆ. ಪವರ್‌ಪಾಯಿಂಟ್ ಸರಿಯಿಲ್ಲ ಎನ್ನುವವರೇ ಹೆಚ್ಚು. ತಪ್ಪಾಗುವುದು ಪಠ್ಯ ತುಂಬುವ ಹಂತದಲ್ಲಿ.

1. ಕಂಟ್ರೋಲ್-ಎಂ ಒತ್ತಿ ಹೊಸ ಸ್ಲೈಡ್ ತೆರೆಯಿರಿ. ಶೀರ್ಷಿಕೆಯ ಚೌಕದಲ್ಲಿ ಬರೆದು ಕಂಟ್ರೋಲ್-ಎಂಟರ್ ಒತ್ತಿದರೆ ಮುಂದಿನ ಚೌಕಕ್ಕೆ ಹೋಗುತ್ತೀರಿ. ಈ ಚೌಕಗಳನ್ನು ಅಳಿಸಬೇಡಿ, ಅವುಗಳ ಬದಲು ಟೆಕ್ಸ್ಟ್ ಬಾಕ್ಸ್ ಎಳೆದು ಶೀರ್ಷಿಕೆ ಬರೆಯಲೇಬೇಡಿ. ಹಾಗೆ ಬರೆದದ್ದು ಸ್ಲೈಡುಗಳ ಪಠ್ಯವನ್ನಷ್ಟೇ ತೋರಿಸುವ ಔಟ್‌ಲೈನ್ ವ್ಯೂನಲ್ಲಿ ಕಾಣುವುದಿಲ್ಲ. ಎಲ್ಲ ಸ್ಲೈಡುಗಳ ವಿನ್ಯಾಸವನ್ನು ಒಂದೇ ಕಡೆ ಬದಲಿಸುವ ಸ್ಲೈಡ್ ಮಾಸ್ಟರ್‌ನಲ್ಲಿ ಶೀರ್ಷಿಕೆಯ ಗಾತ್ರ ಬದಲಿಸಿದರೂ ಅದು ಇದ್ದಂತೆಯೇ ಇರುತ್ತದೆ. ಟೆಕ್ಸ್ಟ್ ಬಾಕ್ಸ್ ಚಿತ್ರದ ಅಡಿಬರಹಕ್ಕೆ ಸಾಕು.

2. ಹೊಸದಾಗಿ ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಮಾಡಿ, ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಂಡರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು.

3. ಹೆಚ್ಚಿನವರು ಎಡವುವುದು ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯಲ್ಲಿ ಮಾಡಿದ ಹಳೆಯ ಕಡತದಿಂದ ನಕಲು ಮಾಡುವಾಗ. ನುಡಿಯ ಆಸ್ಕಿ (ಯೂನಿಕೋಡ್‌ಗಿಂತ ಹಳೆಯ ಸಂಕೇತ ಪದ್ಧತಿ) ಫಾಂಟಿನಲ್ಲಿ ಬರೆದ ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಫಾಂಟ್ ಇಲ್ಲದ ಕಡೆ ‘ಕನ್ನಡ’ ಎಂಬ ಪದವೇ ದೊಡ್ಡ ಪಿ ಅಕ್ಷರದಿಂದ ಶುರುವಾಗುತ್ತದೆ. ಅನುಮಾನ ಬಂದರೆ ಒಂದು ಪದ ಆರಿಸಿ ಫಾಂಟನ್ನು ನಿರ್ಮಲಾ ಯುಐ ಎಂಬ ಯೂನಿಕೋಡ್ ಫಾಂಟಿಗೆ ಬದಲಿಸಿ. ಅಕ್ಷರ ಕೆಟ್ಟರೆ ಅದು ಆಸ್ಕಿ.

ಅಂಥ ಪಠ್ಯವನ್ನು ನುಡಿಯಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ನಡುವೆ ಇರುವ ಇಂಗ್ಲಿಷ್ ಪದ, ಇಮೇಲ್ ವಿಳಾಸಗಳನ್ನು ಮೊದಲೇ ತೆಗೆದಿಡಿ, ಇಲ್ಲದಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಬದಲಿಸಿದ ಮೇಲೆ ‘ಕಾರ್ಯ’, ‘ಮಾರ್ಗ’ದಂಥ ಪದಗಳನ್ನು ಒಂದೊಂದಾಗಿ ನೋಡಿ. ಆಸ್ಕಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ತಪ್ಪು ನುಸುಳುವ ಜಾಗ ಅದೇ. ಅಂಟಿಸುವಾಗ ‘ಕೀಪ್ ಟೆಕ್ಸ್ಟ್ ಓನ್ಲಿ’ ಆರಿಸಿ.

4. ಆಫೀಸ್ ಥೀಮ್‌ನಲ್ಲಿ ಸಾಲಿನ ಅಂತರ 0.9 ಇರುತ್ತದೆ. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ‘ರಾಷ್ಟ್ರೀಯ’ದ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವ್ಯೂ, ಸ್ಲೈಡ್ ಮಾಸ್ಟರ್‌ಗೆ ಹೋಗಿ ಪ್ಯಾರಾಗ್ರಾಫ್‌ನಲ್ಲಿ ‘ಮಲ್ಟಿಪಲ್’ ಆರಿಸಿ 1.1 ಅಥವಾ 1.2 ಕೊಡಿ. ‘ಎಕ್ಸಾಕ್ಟ್ಲಿ’ ಬೇಡ, ಅಕ್ಷರ ದೊಡ್ಡದು ಮಾಡಿದಾಗ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ.

5. ಪಠ್ಯ ಹೆಚ್ಚಾದರೆ ಪವರ್‌ಪಾಯಿಂಟ್ ತಾನಾಗಿ ಅಕ್ಷರ ಕುಗ್ಗಿಸುತ್ತದೆ. ಅದನ್ನು ‘ಡು ನಾಟ್ ಆಟೋಫಿಟ್’ಗೆ ಬದಲಿಸಿ. 24 ಪಾಯಿಂಟಿಗಿಂತ ಚಿಕ್ಕದಾದರೆ ಹಿಂದಿನ ಸಾಲಿನವರಿಗೆ ಒತ್ತಕ್ಷರ ಕಾಣುವುದಿಲ್ಲ. ಉಳಿದದ್ದಕ್ಕೆ ಇನ್ನೊಂದು ಸ್ಲೈಡ್ ಮಾಡಿ.

6. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಜೊತೆಗೇ ಬರುತ್ತದೆ, ಆ ಫಾಂಟಿಗೆ ಬೇರೆ ವ್ಯವಸ್ಥೆ ಬೇಡ. ತುಂಗಾ ಎಂಬ ಹಳೆಯ ಕನ್ನಡ ಫಾಂಟನ್ನು ನಂಬಬೇಡಿ, ವಿಂಡೋಸ್ 10ರಲ್ಲಿ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಇಳಿಸಿಕೊಂಡಿದ್ದರೆ ಫೈಲ್, ಆಪ್ಷನ್ಸ್, ಸೇವ್‌ನಲ್ಲಿ ‘ಎಂಬೆಡ್ ಫಾಂಟ್ಸ್’ ಗುರುತು ಹಾಕಿ ಉಳಿಸಿ. ಪೆನ್‌ಡ್ರೈವಿನಲ್ಲಿ ಪಿಡಿಎಫ್ ಪ್ರತಿಯೂ ಇರಲಿ.